ಗೋಡೆಯಿಂದ ಇಳಿಸಿ ನುಡಿಸಿ ನೋಡಿ: ಎಲೆಕ್ಟ್ರಿಕ್ ಗಿಟಾರ್ ಆರಿಸುವವರಿಗೆ

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟೇ. ಕಣ್ಣಿಗೆ ಚೆಂದ ಕಂಡದ್ದನ್ನು ಗೋಡೆಯಿಂದ ಇಳಿಸಿಕೊಳ್ಳುತ್ತಾರೆ. ಅಲ್ಲಿರುವ ದೊಡ್ಡ ಆಂಪ್‌ಗೆ, ಅಂದರೆ ಸದ್ದು ಹೊರಡಿಸುವ ಆಂಪ್ಲಿಫೈಯರ್‌ಗೆ, ಕೇಬಲ್ ಸಿಕ್ಕಿಸುತ್ತಾರೆ. ಚೆನ್ನಾಗಿ ಬರುವ ಒಂದು ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಸದ್ದು ಭರ್ಜರಿಯಾಗಿ ಬರುತ್ತದೆ, ಬಿಲ್ ಮಾಡಿಸುತ್ತಾರೆ. ಮನೆಗೆ ತಂದ ಮೇಲೆ ಆ ಸದ್ದು ಎಲ್ಲಿ ಹೋಯಿತು ಅಂತ ಹುಡುಕುತ್ತಾರೆ. ಇನ್ನೆಲ್ಲಿ ಹೋಗುತ್ತೆ? ಅಂಗಡಿಯ ಆಂಪ್‌ನಲ್ಲೇ ಉಳಿದಿರುತ್ತದೆ.

ಅಂಗಡಿಯಲ್ಲಿ ಕಿವಿ ಬಹಳ ಬೇಗ ಮರುಳಾಗುತ್ತದೆ. ಕೈ ಅಷ್ಟು ಸುಲಭಕ್ಕೆ ಮರುಳಾಗುವುದಿಲ್ಲ. ಆದ್ದರಿಂದ ಎರಡು ಗಿಟಾರ್‌ಗಳ ನಡುವೆ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಈಗ ಕಾಣುತ್ತಿರುವ ಒಳ್ಳೆಯದು, ಕೆಟ್ಟದ್ದು ಮುಂದೆ ಬದಲಾಗುವಂಥದ್ದಾ, ಇಲ್ಲವಾ?

ತಂತಿಯ ದಪ್ಪ, ತಂತಿಯ ಎತ್ತರ, ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಭಾಗದ) ಎತ್ತರ, ಇಂಟೊನೇಷನ್ (ಎಲ್ಲೇ ಒತ್ತಿದರೂ ಸ್ವರ ಶ್ರುತಿಯಲ್ಲಿರುವುದು), ಇವೆಲ್ಲ ಒಂದು ಸ್ಕ್ರೂ ಡ್ರೈವರ್, ಒಂದು ಅಲೆನ್ ಕೀ ಇದ್ದರೆ ಬದಲಾಗುತ್ತವೆ. ಟ್ಯೂನಿಂಗ್ ಕೀಲಿ, ನಟ್ (ಕೀಲಿಗಳ ಬಳಿ ತಂತಿ ಕೂರುವ ಕೊರಕಲಿನ ಪಟ್ಟಿ), ಪಿಕಪ್‌ಗಳನ್ನು ಕೂಡ ರಿಪೇರಿಯವರ ಹತ್ತಿರ ಬದಲಿಸಿಕೊಳ್ಳಬಹುದು. ಆದರೆ ನೆಕ್‌ನ (ಎಡಗೈ ಹಿಡಿಯುವ ಉದ್ದನೆಯ ಭಾಗದ) ಆಕಾರ, ಸ್ಕೇಲ್ ಉದ್ದ, ಬಾಡಿಯ ತೂಕ, ಹೆಗಲಿಗೆ ಹಾಕಿದಾಗ ಅದು ತೂಗುವ ರೀತಿ, ಬ್ರಿಜ್‌ನ (ಬಾಡಿಯ ಮೇಲೆ ತಂತಿ ಕೂರುವ ಭಾಗದ) ಜಾತಿ, ಇವು ಹೆಚ್ಚುಕಡಿಮೆ ಕೊನೆಯವರೆಗೂ ಹಾಗೇ ಇರುತ್ತವೆ. ಸೀಟು ಎತ್ತರವಾಯಿತು ಅಂತ ಯಾರೂ ಸೈಕಲ್ಲನ್ನೇ ಬೇಡ ಅನ್ನುವುದಿಲ್ಲ. ತಂತಿ ಸ್ವಲ್ಪ ಎತ್ತರಕ್ಕಿದೆ ಅಂತ ಮಾತ್ರ ಒಳ್ಳೆಯ ಗಿಟಾರನ್ನು ಗೋಡೆಗೆ ವಾಪಸ್ ನೇತುಹಾಕುವವರು ಬೇಕಾದಷ್ಟು ಜನ.

ಹೋಗುವ ಮುಂಚೆ

ನಿಮ್ಮದೇ ಪಿಕ್ ಒಯ್ಯಿರಿ. ಪಿಕ್ ದಪ್ಪ ಬದಲಾದರೆ ಸದ್ದೂ ಬದಲಾಗುತ್ತದೆ. ಫೋನಿನಲ್ಲಿ ಟ್ಯೂನರ್ ಇರಲಿ. ಬೆಲ್ಟಿನ ಬಕಲ್, ಜಾಕೆಟ್ಟಿನ ಜಿಪ್ ಗಿಟಾರ್‌ನ ಬೆನ್ನು ಗೀಚುತ್ತವೆ, ನೋಡಿಕೊಳ್ಳಿ. ಗಿಟಾರ್ ಇಳಿಸುವ ಮುಂಚೆ ಕೇಳಿ. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ. ಪಕ್ಕದಲ್ಲಿ ಇನ್ನೊಬ್ಬ ಡಿಸ್ಟಾರ್ಷನ್ ಹಾಕಿ, ಅಂದರೆ ದನಿಯನ್ನು ಒಡಕು ಮಾಡಿ, ಬಾರಿಸುತ್ತಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ.

ಏನು ನುಡಿಸುತ್ತೀರಿ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ಒಂದು ಓಪನ್ ಕಾರ್ಡ್ (ಕೆಲವು ತಂತಿ ಒತ್ತದೆ ಬಿಟ್ಟ ಸ್ವರಗುಚ್ಛ), ಮೊದಲ ಫ್ರೆಟ್‌ನಲ್ಲಿ (ನೆಕ್‌ಗೆ ಅಡ್ಡಲಾಗಿರುವ ಲೋಹದ ಪಟ್ಟಿಯೇ ಫ್ರೆಟ್) ಎಫ್ ಬಾರ್ ಕಾರ್ಡ್ (ಒಂದೇ ಬೆರಳಿನಿಂದ ಎಲ್ಲ ತಂತಿ ಅಡ್ಡಲಾಗಿ ಒತ್ತುವಂಥದ್ದು), ಹನ್ನೆರಡನೇ ಫ್ರೆಟ್‌ನಿಂದ ಮೇಲೆ ಒಂದು ಸಣ್ಣ ಸೋಲೋ, ತಂತಿಯನ್ನು ಪಕ್ಕಕ್ಕೆ ನಿಧಾನವಾಗಿ ಎಳೆದ ನಾಲ್ಕು ಬೆಂಡ್. ಸಾಕು. ಅದನ್ನೇ ಪ್ರತಿ ಗಿಟಾರ್ ಮೇಲೂ ನುಡಿಸಿ. ಒಂದರ ಮೇಲೆ ಒಂದು ಹಾಡು, ಇನ್ನೊಂದರ ಮೇಲೆ ಇನ್ನೊಂದು ಹಾಡು ನುಡಿಸಿದರೆ ನೀವು ಹೋಲಿಸುತ್ತಿರುವುದು ಹಾಡುಗಳನ್ನು.

ಇನ್ನೂ ನುಡಿಸಲು ಬಾರದವರೂ ಅಂಗಡಿಗೆ ಹೋಗಬಹುದು, ನಾಚಿಕೆ ಬೇಡ. ಮುಂದೆ ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಪರೀಕ್ಷೆಗಳಿಗೆ ಸಂಗೀತ ಬರಬೇಕಾಗಿಲ್ಲ. ಒಂದೊಂದೇ ತಂತಿ ಒತ್ತಿ ಮೀಟಲು ಬಂದರೆ ಆಯಿತು. ಅಂಗಡಿಯವರು "ನಾನೇ ನುಡಿಸಿ ತೋರಿಸ್ತೀನಿ" ಅಂದರೆ ಎರಡು ಗಿಟಾರ್ ಮೇಲೆ ಒಂದೇ ತುಣುಕು ನುಡಿಸಲು ಹೇಳಿ. ಅವರ ಕೈಚಳಕಕ್ಕೆ ತಲೆದೂಗಿ, ಆದರೆ ಅದನ್ನು ಗಿಟಾರ್‌ನ ಖಾತೆಗೆ ಬರೆಯಬೇಡಿ.

ಮೊದಲು ಕೇಬಲ್ ಇಲ್ಲದೆ

ಆಂಪ್‌ಗೆ ಸಿಕ್ಕಿಸುವ ಮೊದಲು ಸುಮ್ನೆ ಕೂತು ಶ್ರುತಿ ಮಾಡಿ, ಹಾಗೇ ನುಡಿಸಿ. ಈ ಹೊತ್ತಿನಲ್ಲಿ ಕೈ ಏನು ಹೇಳುತ್ತದೆ ಎಂಬುದು ಮುಖ್ಯ.

ನೆಕ್ ಹಿಂಭಾಗ ಹೆಬ್ಬೆರಳಿಗೆ ಹೇಗಿದೆ? ಕೆಲವು ತೆಳ್ಳಗೆ, ಚಪ್ಪಟೆ ಇರುತ್ತವೆ. ಕೆಲವು ದುಂಡಗೆ, ಅಂಗೈ ತುಂಬುವಂತೆ ಇರುತ್ತವೆ. ತೆಳ್ಳಗಿದ್ದರೆ ವೇಗ ಬರುತ್ತದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಹೆಬ್ಬೆರಳನ್ನು ನೆಕ್ ಮೇಲಿಂದ ಇಣುಕಿಸಿ ನುಡಿಸುವವರಿಗೆ ದುಂಡನೆಯ ನೆಕ್‌ನಲ್ಲೇ ಕೈ ಕಡಿಮೆ ನೋಯುತ್ತದೆ. ಬಾರ್ ಕಾರ್ಡನ್ನು ಬಿಡದೆ ಐದು ನಿಮಿಷ ನುಡಿಸಿ. ಹೆಬ್ಬೆರಳಿನ ಬುಡ ಬಿಗಿಯುತ್ತಿದೆಯಾ ನೋಡಿ. ಎರಡು ನಿಮಿಷಕ್ಕೆ ಎಲ್ಲ ನೆಕ್ ಕೂಡ ಚೆನ್ನಾಗೇ ಅನಿಸುತ್ತದೆ. ಹಿಂಭಾಗಕ್ಕೆ ಹೊಳಪಿನ ಪಾಲಿಶ್ ಇದ್ದರೆ ಬೆವರುವ ಕೈ ಅಂಟುತ್ತದೆ. ಮಂದ ಪಾಲಿಶ್ ಇದ್ದರೆ ಜಾರುತ್ತದೆ.

ಇನ್ನು ಸ್ಕೇಲ್ ಉದ್ದ. ನಟ್‌ನಿಂದ ಬ್ರಿಜ್‌ವರೆಗೆ ತಂತಿ ಕಂಪಿಸುವ ಉದ್ದ ಇದು. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್), ಟೆಲಿಕಾಸ್ಟರ್‌ಗಳಲ್ಲಿ 25.5 ಇಂಚು. ಗಿಬ್ಸನ್ ಕಂಪನಿಯ ಲೆಸ್ ಪಾಲ್, ಎಸ್‌ಜಿಗಳಲ್ಲಿ ಸುಮಾರು 24.75 ಇಂಚು. ಪಿಆರ್‌ಎಸ್ ಕಂಪನಿಯ ಬಹಳಷ್ಟು ಮಾದರಿಗಳಲ್ಲಿ ಎರಡರ ನಡುವೆ, 25 ಇಂಚು. "ಲೆಸ್ ಪಾಲ್‌ನಲ್ಲಿ ತಂತಿ ಮೆತ್ತಗಿರುತ್ತೆ, ಬೆರಳು ಹತ್ತಿರ ಹತ್ತಿರ ಬೀಳುತ್ತೆ" ಅಂತ ಓದಿಕೊಂಡು ಅಂಗಡಿಗೆ ಹೋಗುತ್ತೀರಿ. ಅಲ್ಲಿ ಕೈಗೆ ತಂತಿ ಬಿಗಿಯಾಗಿ ಸಿಗುತ್ತದೆ. ಓದಿದ್ದು ಸುಳ್ಳಾ?

ಸುಳ್ಳಲ್ಲ. ಅದರಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ, ಅಷ್ಟೆ. ಲೆಕ್ಕ ಹಾಕೋಣ. ತಂತಿ ಒಂದೇ, ಶ್ರುತಿ ಒಂದೇ ಆದರೆ 25.5 ಇಂಚಿನಲ್ಲಿ ಬಿಗಿತ ಸುಮಾರು ಶೇ 6ರಷ್ಟು ಜಾಸ್ತಿ. ಆದರೆ ಫೆಂಡರ್ ಗಿಟಾರ್‌ಗಳು ಹೆಚ್ಚಾಗಿ 9ರ ತಂತಿ ಹಾಕಿಕೊಂಡು ಬರುತ್ತವೆ, ಗಿಬ್ಸನ್ 10ರ ತಂತಿಯಲ್ಲಿ ಬರುತ್ತವೆ. ಇಲ್ಲಿ 9, 10 ಅಂದರೆ ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ. 9ರಿಂದ 10ಕ್ಕೆ ಹೋದರೆ ಆ ತಂತಿಯ ಬಿಗಿತ ಸುಮಾರು ಶೇ 23ರಷ್ಟು ಏರುತ್ತದೆ. ಅಂದರೆ 10ರ ತಂತಿಯ ಲೆಸ್ ಪಾಲ್, 9ರ ತಂತಿಯ ಸ್ಟ್ರಾಟ್‌ಗಿಂತ ಬಿಗಿ. ಸ್ಕೇಲ್‌ನಲ್ಲಿ ಉಳಿದದ್ದನ್ನು ತಂತಿ ತಿಂದುಹಾಕಿತು. ಹಾಗಾಗಿ "ಇದರ ಮೇಲೆ ಯಾವ ಗೇಜ್ ತಂತಿ ಇದೆ?" ಅಂತ ಕೇಳದೆ ಬಿಗಿತವನ್ನು ಹೋಲಿಸಬೇಡಿ. ಬೆರಳಿನ ಅಂತರದ ವಿಷಯವೂ ಅಷ್ಟೇ. ನಟ್‌ನಿಂದ ಮೊದಲ ಫ್ರೆಟ್‌ವರೆಗಿನ ಅಂತರ 25.5 ಇಂಚಿನಲ್ಲಿ 36 ಮಿಲಿಮೀಟರ್‌ಗೆ ತುಸು ಜಾಸ್ತಿ, 24.75ರಲ್ಲಿ 35ಕ್ಕೆ ತುಸು ಜಾಸ್ತಿ. ವ್ಯತ್ಯಾಸ ಒಂದು ಮಿಲಿಮೀಟರ್. ಸಣ್ಣ ಕೈ ಇರುವವರು ಅದಕ್ಕಾಗಿಯೇ ಹೆದರಿ ಒಂದನ್ನು ಬಿಡಬೇಕಾಗಿಲ್ಲ. ಕೈ ನಿಜವಾಗಿಯೂ ತೀರಾ ಚಿಕ್ಕದಿದ್ದರೆ, ಮಕ್ಕಳಿಗಾದರೆ, 24 ಇಂಚಿನವೂ ಇವೆ. ಫೆಂಡರ್ ಮಸ್ಟಾಂಗ್ ಅಂಥದ್ದು.

ಫಿಂಗರ್‌ಬೋರ್ಡ್ ಅಡ್ಡಡ್ಡಲಾಗಿ ಎಷ್ಟು ಬಾಗಿದೆ ಎಂಬುದು ಇನ್ನೊಂದು. ಇದಕ್ಕೆ ರೇಡಿಯಸ್ ಅನ್ನುತ್ತಾರೆ. ಹಳೆಯ ಶೈಲಿಯ ಫೆಂಡರ್‌ಗಳಲ್ಲಿ 7.25 ಇಂಚು, ಈಗಿನ ಹೆಚ್ಚಿನವುಗಳಲ್ಲಿ 9.5, ಗಿಬ್ಸನ್‌ನಲ್ಲಿ 12. ವೇಗದ ಸೋಲೋಗೆಂದೇ ಮಾಡಿದವುಗಳಲ್ಲಿ 16ರ ಆಸುಪಾಸು. ಸಂಖ್ಯೆ ಕಡಿಮೆಯಾದಷ್ಟೂ ಬಾಗು ಜಾಸ್ತಿ. ಬಾಗು ಜಾಸ್ತಿ ಇದ್ದರೆ ಬಾರ್ ಕಾರ್ಡ್ ಹಿಡಿಯಲು ಬೆರಳಿಗೆ ಹಿತ. ಆದರೆ ತಂತಿಯನ್ನು ತೀರಾ ತಗ್ಗಿಸಿಟ್ಟು ದೊಡ್ಡ ಬೆಂಡ್ ಎಳೆದರೆ ಸ್ವರ ನಡುವೆಯೇ ಸತ್ತುಹೋಗುತ್ತದೆ. ನೀವು ಕಾರ್ಡ್ ಜಾಸ್ತಿ ನುಡಿಸುವವರಾ, ಸೋಲೋ ಜಾಸ್ತಿಯಾ? ಇಲ್ಲಿ ಉತ್ತರ ನಿಮ್ಮದೇ.

ಈಗ ಎದ್ದು ನಿಲ್ಲಿ. ಸ್ಟ್ರಾಪ್ ಕೇಳಿ ಹಾಕಿಕೊಳ್ಳಿ. ಕೂತು ನೋಡಿದ ಗಿಟಾರ್, ನಿಂತಾಗ ಬೇರೆಯೇ ಗಿಟಾರ್. ಎಡಗೈಯನ್ನು ನೆಕ್‌ನಿಂದ ತೆಗೆಯಿರಿ. ಎಸ್‌ಜಿ ತರಹದ ತೆಳು ಬಾಡಿಯವುಗಳಲ್ಲಿ ಕೆಲವು ಸಲ ನೆಕ್ ತಾನಾಗಿ ಕೆಳಗೆ ವಾಲುತ್ತದೆ. ಆಗ ನುಡಿಸುವ ಕೈಯೇ ನೆಕ್ಕನ್ನು ಎತ್ತಿಹಿಡಿಯುವ ಕೆಲಸವನ್ನೂ ಮಾಡಬೇಕು. ಒರಟು ಸ್ಟ್ರಾಪ್ ಹಾಕಿದರೆ ಸ್ವಲ್ಪ ತಡೆಯುತ್ತದೆ, ಪೂರ್ತಿ ಹೋಗುವುದಿಲ್ಲ. ಸ್ಟ್ರಾಟ್ ಸಾಮಾನ್ಯವಾಗಿ ಮೂರೂವರೆ ಕಿಲೋ ಆಸುಪಾಸು. ಲೆಸ್ ಪಾಲ್ ನಾಲ್ಕು ಕಿಲೋ ದಾಟುವುದು ಮಾಮೂಲು. ಒಂದೇ ಮಾದರಿಯ ಎರಡು ಲೆಸ್ ಪಾಲ್‌ಗಳ ನಡುವೆ ಅರ್ಧ ಕಿಲೋ ವ್ಯತ್ಯಾಸ ಇದ್ದರೂ ಆಶ್ಚರ್ಯವಿಲ್ಲ, ಮರ ಹಾಗೆ. ಹದಿನೈದು ನಿಮಿಷ ನಿಂತು ನುಡಿಸಿದರೆ ಹೆಗಲೇ ಹೇಳುತ್ತದೆ. ಟೆಲಿಕಾಸ್ಟರ್ ಹಗುರ, ಆದರೆ ಅದರ ಬಾಡಿಯ ಅಂಚು ಸ್ಟ್ರಾಟ್‌ನಂತೆ ಇಳಿಜಾರಾಗಿ ಕೊರೆದದ್ದಲ್ಲ. ಮೊಳಕೈ ಕೆಳಗೆ ಆ ಅಂಚು ಒತ್ತುತ್ತದೆ. ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ಅದೇ ದೊಡ್ಡ ಕಾಟ.

ಫ್ರೆಟ್ ಫ್ರೆಟ್ಟೂ ಒತ್ತಿ ನೋಡಿ

ಆರು ತಂತಿ, ಇಪ್ಪತ್ತೆರಡು ಫ್ರೆಟ್. ಒಟ್ಟು 132 ಸ್ವರ. ಎಲ್ಲವನ್ನೂ ಒಂದೊಂದಾಗಿ ಮೀಟಿ. ಬೇಜಾರಿನ ಕೆಲಸ, ನಿಜ. ಆದರೆ ಕೆಲವೇ ನಿಮಿಷದ ಮಾತು. ಅಂಗಡಿಯಲ್ಲಿ ಇದಕ್ಕಿಂತ ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ.

ಏನು ಕೇಳಬೇಕು? ಸ್ವರದ ಜೊತೆ ಜಿರ್ ಅನ್ನುವ ಸದ್ದು ಬರುತ್ತಿದೆಯಾ ನೋಡಿ. ಬಂದರೆ ಎಲ್ಲಿ ಬರುತ್ತದೆ ಎಂಬುದರಲ್ಲೇ ಕಾರಣ ಇರುತ್ತದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಮಾತ್ರ ಬಂದರೆ ನೆಕ್ ತೀರಾ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಒಳಗಿರುವ ಟ್ರಸ್ ರಾಡ್ ಎಂಬ ಸರಳನ್ನು ಸ್ವಲ್ಪ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಲ್ಲ ಕಡೆ ಬಂದರೆ ತಂತಿ ತೀರಾ ತಗ್ಗಿನಲ್ಲಿದೆ, ಬ್ರಿಜ್ ಎತ್ತರಿಸಿದರಾಯಿತು. ಒಂದೇ ಒಂದು ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ ಅಂತ ಅರ್ಥ. ಇದು ಉಜ್ಜಿ ಸಮ ಮಾಡುವ ಕೆಲಸ. ಹೊಸ ಗಿಟಾರ್‌ಗೆ ಆ ತಲೆನೋವು ನಿಮಗೆ ಯಾಕೆ? ಅದೇ ಮಾದರಿಯ ಇನ್ನೊಂದನ್ನು ಕೇಳಿ. ಕೇಬಲ್ ಇಲ್ಲದಾಗ ಮಾತ್ರ ಕೇಳಿಸುವ, ಆಂಪ್‌ನಲ್ಲಿ ಕೇಳಿಸದ ಸಣ್ಣ ಜಿರ್‌ಗೆ ಮಾತ್ರ ತಲೆ ಕೆಡಿಸಿಕೊಳ್ಳುವುದು ಬೇಡ.

ಕೆಲವು ಸ್ವರ ಜಿರ್ ಅನ್ನುವುದಿಲ್ಲ, ಆದರೆ ಪಕ್ಕದವುಗಳಿಗಿಂತ ಬೇಗ ಕರಗಿಹೋಗುತ್ತದೆ. ಇಂಥ ಮಂಕು ಜಾಗ ನೆಕ್‌ನ ಮರದ ಗುಣ. ಸೆಟಪ್‌ನಿಂದ, ಅಂದರೆ ತಂತಿ, ನೆಕ್, ಬ್ರಿಜ್ ಹೊಂದಿಸುವ ಕೆಲಸದಿಂದ, ಹೋಗುವುದಿಲ್ಲ.

ನೆಕ್ ಬಾಗು ನೋಡಲು ಉಪಕರಣ ಬೇಡ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ಅಳತೆಪಟ್ಟಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಕಾಣಬೇಕು, 0.2ರಿಂದ 0.3 ಮಿಲಿಮೀಟರ್. ತೆಳು ತಂತಿಯ ಕಡೆಯೂ ಇದನ್ನೇ ಮಾಡಿ. ಒಂದು ಕಡೆ ದೊಡ್ಡ ಸಂದು, ಇನ್ನೊಂದು ಕಡೆ ಸಂದೇ ಇಲ್ಲ ಅಂದರೆ ನೆಕ್ ತಿರುಚಿಕೊಂಡಿರಬಹುದು. ಅಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಮೊದಲ ತಂತಿಯನ್ನು, ಅಂದರೆ ಅತಿ ತೆಳುವಾದದ್ದನ್ನು, ಹನ್ನೆರಡರಿಂದ ಹದಿನೇಳನೇ ಫ್ರೆಟ್‌ವರೆಗೆ ಒಂದೊಂದರಲ್ಲೂ ಪೂರ್ತಿ ಸ್ವರದಷ್ಟು ಎಳೆಯಿರಿ. ಎಳೆದ ತುದಿಯಲ್ಲಿ ಸ್ವರ ಉಳಿಯಬೇಕು. ನೆಕ್‌ನ ಎರಡೂ ಅಂಚಿನ ಮೇಲೆ ಬೆರಳು ಸವರಿ ನೋಡಿ. ಒಣ ಹವೆಯಲ್ಲಿ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಫ್ರೆಟ್ ತುದಿ ಹೊರಗೆ ಚಾಚಿ ಕೈಗೆ ತರಚುತ್ತದೆ. ಇದನ್ನು ಉಜ್ಜಿ ಸರಿಮಾಡಬಹುದು. ಕೊಳ್ಳುವ ಮೊದಲೇ ಮಾಡಿಸಿಕೊಡಿ ಅಂತ ಕೇಳಿ.

ಎಫ್ ಬಾರ್ ಕಾರ್ಡ್ ಹಿಡಿಯಲು ಕಷ್ಟ, ಅದೇ ಆಕಾರ ಮೂರನೇ ಫ್ರೆಟ್‌ನಲ್ಲಿ ಸಲೀಸು ಅನ್ನಿಸಿದರೆ ನಟ್‌ನ ಕೊರಕಲು ಆಳ ಸಾಲದು. ಕೈಯ ತಪ್ಪಲ್ಲ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಹೊಸಬರು ಎಷ್ಟೋ ಜನ "ನನಗೆ ಬಾರ್ ಕಾರ್ಡ್ ಬರೋದೇ ಇಲ್ಲ" ಅಂತ ಕೈಚೆಲ್ಲುವುದು ಈ ಕೊರಕಲಿನಿಂದಾಗಿ. ಶ್ರುತಿ ಮಾಡುವಾಗ ನಟ್‌ನಲ್ಲಿ ಟಿಂಗ್ ಅಂತ ಸದ್ದು ಬಂದು ಸ್ವರ ಥಟ್ಟನೆ ಜಿಗಿದರೆ ಅಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ. ನೆಕ್ ತುದಿಯ ತಲೆಯ ಎರಡೂ ಕಡೆ ಮೂರು ಮೂರು ಕೀಲಿ ಇರುವ ಲೆಸ್ ಪಾಲ್ ಮಾದರಿಗಳಲ್ಲಿ ನಡುವಿನ ತಂತಿಗಳು ನಟ್ ದಾಟಿದ ಮೇಲೆ ಓರೆಯಾಗಿ ಹೋಗುತ್ತವೆ. ಅಲ್ಲಿ ಮೂರನೇ ತಂತಿ, ಅಂದರೆ ಜಿ ತಂತಿ, ಹೀಗೆ ಕಾಡುವುದು ಜಾಸ್ತಿ. ಆರೂ ಕೀಲಿ ಒಂದೇ ಸಾಲಿನಲ್ಲಿರುವ ಫೆಂಡರ್ ಮಾದರಿಯಲ್ಲಿ ತಂತಿ ನೇರ ಹೋಗುತ್ತದೆ. ಟ್ಯೂನಿಂಗ್ ನಿಲ್ಲುತ್ತಿಲ್ಲ ಅಂದ ಕೂಡಲೇ ಎಲ್ಲರೂ ಕೀಲಿಯನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ನಟ್‌ನದು.

ಈಗ ಆಂಪ್‌ಗೆ ಸಿಕ್ಕಿಸಿ

ಮನೆಯಲ್ಲಿ ಇರುವಂಥದೇ ಆಂಪ್ ಕೇಳಿ. ಅದಿಲ್ಲದಿದ್ದರೆ ಚಿಕ್ಕದನ್ನು ಕೇಳಿ. ಡಿಸ್ಟಾರ್ಷನ್ ಇಲ್ಲದ ಕ್ಲೀನ್ ಚಾನೆಲ್ ಹಾಕಿ, ಬೇಸ್, ಮಿಡ್, ಟ್ರೆಬಲ್ ಮೂರನ್ನೂ ನಡುವಿಗೆ ತನ್ನಿ. ರಿವರ್ಬ್ (ಮಾರ್ದನಿ) ಸೊನ್ನೆ ಮಾಡಿ. ರಿವರ್ಬ್, ಡಿಸ್ಟಾರ್ಷನ್ ಎರಡೂ ಸೇರಿದರೆ ಮರದ ಹಲಗೆಗೆ ತಂತಿ ಕಟ್ಟಿ ನುಡಿಸಿದರೂ ಚೆನ್ನಾಗೇ ಕೇಳುತ್ತದೆ. ಎರಡು ಗಿಟಾರ್‌ಗೂ ಒಂದೇ ಕೇಬಲ್ ಬಳಸಿ. ಉದ್ದದ ಕೇಬಲ್ ಟ್ರೆಬಲ್ ತಿನ್ನುತ್ತದೆ.

ಬಹಳ ಜನ ಎಡವುವುದು ಜೋರಿನ ವಿಷಯದಲ್ಲಿ. ಎರಡು ಗಿಟಾರ್‌ಗಳಲ್ಲಿ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಒಳ್ಳೆಯದು ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಸದ್ದು ಜೋರಾದಂತೆ ಮಂದ್ರವೂ ತಾರವೂ ನಮ್ಮ ಕಿವಿಗೆ ಹೆಚ್ಚು ತುಂಬಿಕೊಂಡು ಕೇಳುತ್ತವೆ. ಹಂಬಕರ್ ಎಂಬ ಪಿಕಪ್ ಇರುವ ಗಿಟಾರ್, ಸಿಂಗಲ್ ಕಾಯಿಲ್ ಪಿಕಪ್ ಇರುವುದಕ್ಕಿಂತ ಸಾಮಾನ್ಯವಾಗಿ ಜೋರು. ಆದ್ದರಿಂದ ಗಿಟಾರ್ ಬದಲಿಸಿದಾಗೆಲ್ಲ ಆಂಪ್‌ನ ವಾಲ್ಯೂಮ್ ತಿರುಗಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಹೋಲಿಸಿ.

ಸಿಂಗಲ್ ಕಾಯಿಲ್, ಹಂಬಕರ್ ಅಂದೆ. ಸಿಂಗಲ್ ಕಾಯಿಲ್ ಅಂದರೆ ಆಯಸ್ಕಾಂತದ ಸುತ್ತ ತಂತಿ ಸುತ್ತಿದ ಒಂದು ಸುರುಳಿ. ಗಿಟಾರ್ ತಂತಿಯ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ ಲೈನಿನ 50 ಅಥವಾ 60 ಹರ್ಟ್ಸ್‌ನ ಗುಂಯ್‌ಗುಡುವಿಕೆಯನ್ನೂ ಅದು ಹಿಡಿಯುತ್ತದೆ. ಹಂಬಕರ್‌ನಲ್ಲಿ ಎರಡು ಸುರುಳಿ, ಒಂದಕ್ಕೊಂದು ಉಲ್ಟಾ ಜೋಡಿಸಿದ್ದು, ಆಯಸ್ಕಾಂತವೂ ಉಲ್ಟಾ. ತಂತಿಯ ಸದ್ದು ಎರಡರಲ್ಲೂ ಕೂಡುತ್ತದೆ, ಗುಂಯ್‌ಗುಡುವುದು ಒಂದನ್ನೊಂದು ಹೊಡೆದುಹಾಕುತ್ತದೆ. ಗಿಬ್ಸನ್‌ನಲ್ಲಿದ್ದ ಸೆಥ್ ಲವರ್ 1955ರಲ್ಲಿ ಇದನ್ನು ರೂಪಿಸಿದರು. 1957ರಿಂದ ಲೆಸ್ ಪಾಲ್‌ಗಳಲ್ಲಿ ಬಂತು. ಸಿಂಗಲ್ ಕಾಯಿಲ್‌ನಲ್ಲಿ ಒಂದೊಂದು ತಂತಿಯೂ ಬಿಡಿಬಿಡಿಯಾಗಿ, ಚುರುಕಾಗಿ ಕೇಳುತ್ತದೆ. ಹಂಬಕರ್ ದಪ್ಪ, ಡಿಸ್ಟಾರ್ಷನ್ ಏರಿಸಿದರೂ ಗಲೀಜಾಗುವುದಿಲ್ಲ. 1946ರ ಪಿ-90 ಎಂಬ ಪಿಕಪ್ ಸಿಂಗಲ್ ಕಾಯಿಲ್ಲೇ, ಆದರೆ ಅದರ ದನಿಗೆ ಒಂದು ಒರಟುತನ ಇದೆ. ನನಗೆ ಬಹಳ ಇಷ್ಟ. ಗುಂಯ್ ಅನ್ನುವುದೂ ಅಷ್ಟೇ ಜಾಸ್ತಿ, ಹೇಳಿಬಿಡುತ್ತೇನೆ.

ಸಿಂಗಲ್ ಕಾಯಿಲ್ ಗಿಟಾರ್ ಹಿಡಿದು ಆಂಪ್ ಮುಂದೆ ನಿಧಾನವಾಗಿ ತಿರುಗಿ. ಗುಂಯ್ ಏರಿಳಿಯುತ್ತದೆ, ಅದು ದೋಷವಲ್ಲ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗ್ರೌಂಡ್ ಸರಿಯಿದೆ. ಮುಟ್ಟಿದಾಗ ಜಾಸ್ತಿಯಾದರೆ ಒಳಗೆ ವಯರಿಂಗ್ ಏನೋ ತಪ್ಪಿದೆ. ಮೂರು ಸಿಂಗಲ್ ಕಾಯಿಲ್ ಇರುವ ಈಗಿನ ಬಹಳಷ್ಟು ಸ್ಟ್ರಾಟ್‌ಗಳಲ್ಲಿ ಸ್ವಿಚ್‌ನ ಎರಡನೇ, ನಾಲ್ಕನೇ ಜಾಗಕ್ಕೆ ಹಾಕಿದರೆ ಗುಂಯ್ ನಿಂತುಹೋಗುತ್ತದೆ. ಅಲ್ಲಿ ಎರಡು ಪಿಕಪ್ ಸೇರಿ ಹಂಬಕರ್‌ನ ಕೆಲಸ ಮಾಡುತ್ತವೆ.

ಎಲ್ಲ ಗುಂಡಿಗಳನ್ನೂ ಕೊನೆಯಿಂದ ಕೊನೆಗೆ ತಿರುಗಿಸಿ. ಚರಚರ ಅಂದರೆ ಧೂಳು, ಸಣ್ಣ ವಿಷಯ. ಕೇಬಲ್ ಸಿಕ್ಕಿಸಿದ ಜಾಗವನ್ನು ಮೆಲ್ಲಗೆ ಅಲುಗಾಡಿಸಿ. ಸದ್ದು ಹೋಗಿ ಬಂದು ಮಾಡಿದರೆ ಜಾಕ್ ಸಡಿಲ. ಗಿಟಾರ್‌ನ ವಾಲ್ಯೂಮನ್ನು 10ರಿಂದ 5ಕ್ಕೆ ಇಳಿಸಿ ನುಡಿಸಿ ನೋಡಿ. ಕೆಲವು ಗಿಟಾರ್ ಹಾಗೆ ಇಳಿಸಿದಾಗ ಮಂಕಾಗುತ್ತವೆ, ಕೆಲವು ಹಾಗೇ ಚುರುಕಾಗಿ ಉಳಿಯುತ್ತವೆ. ಅಂಗಡಿಯಲ್ಲಿ ಇದನ್ನು ಯಾರೂ ನೋಡುವುದಿಲ್ಲ, ಎಲ್ಲರೂ 10ರಲ್ಲೇ ನುಡಿಸುತ್ತಾರೆ. ಮನೆಯಲ್ಲಿ ಆ ಗುಂಡಿಯನ್ನೇ ದಿನಾ ತಿರುಗಿಸುವುದು ಅಲ್ವಾ?

ಒಂದು ಎಚ್ಚರಿಕೆ. ಗೋಡೆಗೆ ನೇತುಹಾಕಿದ ಗಿಟಾರ್‌ನ ತಂತಿ ನೂರಾರು ಕೈ ಬೆವರು ಕುಡಿದು ಸತ್ತಿರುತ್ತದೆ. "ಇದು ಮಂಕು, ಅದು ಮಿಂಚು" ಅನ್ನಿಸಿದರೆ ತಂತಿ ಹೊಸದಾ ಹಳೆಯದಾ ಮೊದಲು ನೋಡಿ. ಕೊಳ್ಳುವ ಮನಸ್ಸು ಗಟ್ಟಿಯಿದ್ದರೆ ಹೊಸ ತಂತಿ ಹಾಕಿಕೊಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ತಂತಿಯ ದುಡ್ಡು ನಾನೇ ಕೊಡ್ತೀನಿ ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ಯಾವ ಜಾತಿ ಯಾರಿಗೆ

ಸ್ಟ್ರಾಟ್ ಮಾದರಿ 1954ರಿಂದ ಇದೆ. ಇಂದು ಸಿಗುವ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಬಹುಪಾಲು ಒಂದಲ್ಲ ಒಂದು ರೀತಿಯಲ್ಲಿ ಅದರ ಮಕ್ಕಳು. ಏನು ನುಡಿಸುತ್ತೇನೆ ಅಂತ ಇನ್ನೂ ಗೊತ್ತಿಲ್ಲದವರಿಗೆ ನನ್ನ ಸಲಹೆ ಬ್ರಿಜ್ ಹತ್ತಿರ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್ ಇರುವ ಸ್ಟ್ರಾಟ್ ಮಾದರಿ. ಇದನ್ನು ಎಚ್‌ಎಸ್‌ಎಸ್ ಅನ್ನುತ್ತಾರೆ. ಅದರಲ್ಲಿ ಮೆಲುದನಿಯ ಕ್ಲೀನ್ ಕೂಡ ಬರುತ್ತದೆ, ರಾಕ್‌ನ ಗರ್ಜನೆಯೂ ಬರುತ್ತದೆ. ಯಾವುದರಲ್ಲೂ ಮೊದಲ ಸ್ಥಾನ ಇಲ್ಲ, ಆದರೆ ಯಾವುದರಲ್ಲೂ ಕೈಕೊಡುವುದಿಲ್ಲ.

ರಿದಮ್ ನುಡಿಸುವುದೇ ಇಷ್ಟ, ಕಾರ್ಡ್ ಸ್ಪಷ್ಟವಾಗಿ ಕೇಳಬೇಕು ಅನ್ನುವವರು ಟೆಲಿಕಾಸ್ಟರ್ ಮಾದರಿ ನೋಡಿ. ಎರಡು ಪಿಕಪ್, ಎರಡು ಗುಂಡಿ, ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಅದರ ಬ್ರಿಜ್ ಪಿಕಪ್ ಮಾತ್ರ ಕೆಲವರ ಕಿವಿಗೆ ಚುಚ್ಚುತ್ತದೆ. ಟೋನ್ ಗುಂಡಿ ಸ್ವಲ್ಪ ಇಳಿಸಿ ನೋಡಿದ ಮೇಲೆ ತೀರ್ಮಾನಿಸಿ. ದಪ್ಪ ದನಿ, ಎಳೆದಷ್ಟೂ ನಿಲ್ಲುವ ಸ್ವರ ಬೇಕಾದವರಿಗೆ ಲೆಸ್ ಪಾಲ್. ಹೆಗಲು ಒಪ್ಪಬೇಕು. ಮೇಲಿನ ಫ್ರೆಟ್‌ಗಳಿಗೆ ಕೈ ಹೋಗುವಾಗ ನೆಕ್ ಬಾಡಿಗೆ ಸೇರುವ ದಪ್ಪ ಜಾಗ ಅಡ್ಡ ಬರುತ್ತದೆ. ಎಸ್‌ಜಿಯಲ್ಲಿ ಆ ತೊಂದರೆ ಇಲ್ಲ.

1958ರಲ್ಲಿ ಬಂದ ಗಿಬ್ಸನ್ ಇಎಸ್-335 ತರಹದ ಅರೆಟೊಳ್ಳು ಗಿಟಾರ್‌ಗಳನ್ನು ಹೊಸಬರು ಮುಟ್ಟುವುದೇ ಇಲ್ಲ. ಮುಟ್ಟಿ ನೋಡಿ. ನಡುವೆ ಗಟ್ಟಿ ಮರ, ಎರಡು ಪಕ್ಕೆ ಟೊಳ್ಳು. ಆಂಪ್ ಇಲ್ಲದೆಯೂ ಸ್ವಲ್ಪ ಕೇಳುತ್ತದೆ, ರಾತ್ರಿ ಹೊತ್ತು ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಅನುಕೂಲ. ಡಿಸ್ಟಾರ್ಷನ್ ಜೋರಾಗಿ ಏರಿಸಿದರೆ ಮಾತ್ರ ಕೂಗಲು ಶುರುಮಾಡುತ್ತದೆ. ಬಾಡಿ ಅಗಲ, ಬಲಗೈ ಹೊರಗೆ ಚಾಚಿಕೊಂಡೇ ಇರಬೇಕು.

ಬ್ರಿಜ್ ವಿಷಯದಲ್ಲಿ ಅವಸರ ಬೇಡ. ಅಲ್ಲಾಡದ ಬ್ರಿಜ್ ಇದ್ದರೆ ತಂತಿ ಬದಲಿಸುವುದು, ಶ್ರುತಿ ಮಾಡುವುದು ಸುಲಭ. ಸ್ಟ್ರಾಟ್‌ನ ಟ್ರೆಮೊಲೊ, ಅಂದರೆ ಬಾರ್ ಒತ್ತಿ ಸ್ವರ ಏರಿಳಿಸುವ ಬ್ರಿಜ್, ಇಷ್ಟವಾಗದಿದ್ದರೆ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿ ಬಾಡಿಗೆ ಒರಗಿಸಿಟ್ಟುಬಿಡಬಹುದು. ಫ್ಲಾಯ್ಡ್ ರೋಸ್ ಎಂಬ ಟ್ರೆಮೊಲೊ ಮಾತ್ರ ಬೇರೆ ಲೋಕ. ನಟ್‌ನಲ್ಲೂ ಬ್ರಿಜ್‌ನಲ್ಲೂ ತಂತಿಗೆ ಬೀಗ ಹಾಕಿರುತ್ತದೆ, ಬಾರ್ ಎಷ್ಟು ಒತ್ತಿ ಎಳೆದರೂ ಶ್ರುತಿ ವಾಪಸ್ ಬರುತ್ತದೆ. ಆದರೆ ಸ್ಪ್ರಿಂಗ್ ಒಂದು ಕಡೆ, ತಂತಿ ಇನ್ನೊಂದು ಕಡೆ ಎಳೆಯುವ ಸಮತೋಲದ ಮೇಲೆ ಬ್ರಿಜ್ ತೇಲುತ್ತಿರುತ್ತದೆ. ಒಂದು ತಂತಿ ಕಿತ್ತರೆ ಸ್ಪ್ರಿಂಗ್ ಗೆಲ್ಲುತ್ತದೆ, ಉಳಿದ ಐದೂ ಶ್ರುತಿ ಬಿಟ್ಟು ಮೇಲೇರುತ್ತವೆ. ಹಾಡಿಗೊಂದು ಟ್ಯೂನಿಂಗ್ ಬದಲಿಸುವವರಿಗೂ ಇದು ಆಗಿಬರುವುದಿಲ್ಲ. ಮೊದಲ ಗಿಟಾರ್ ಆಗಿ ನಾನಂತೂ ಇದನ್ನು ಯಾರಿಗೂ ಹೇಳುವುದಿಲ್ಲ. ಅಂಗಡಿಯಲ್ಲಿ ಬಾರ್ ಒತ್ತಿ ಆಟವಾಡುವುದು ಖುಷಿ, ಅದಕ್ಕೇ ಮಾರಾಟವೂ ಆಗುತ್ತದೆ.

ಒಂದೇ ಮಾದರಿಯ ಎರಡು

ಮಾದರಿ ತೀರ್ಮಾನವಾಯಿತು ಅನ್ನಿ. ಅಂಗಡಿಯಲ್ಲಿ ಅದೇ ಮಾದರಿಯ ಎರಡು ಇದ್ದರೆ ಎರಡನ್ನೂ ಇಳಿಸಿ. ಕಣ್ಣು ಮುಚ್ಚಿ ಕೂತು, ಜೊತೆಗೆ ಬಂದವರಿಗೆ ಒಂದಾದ ಮೇಲೆ ಒಂದನ್ನು ಕೈಗೆ ಕೊಡಲು ಹೇಳಿ. ಬಣ್ಣ ಕಾಣದಿದ್ದರೆ ಆಯ್ಕೆ ಎಷ್ಟೋ ಸಲ ತಿರುವುಮುರುವಾಗುತ್ತದೆ. ಹಾಗಂತ ಬಣ್ಣ ಮುಖ್ಯವೇ ಅಲ್ಲ ಅಂತ ನಾನು ಹೇಳುವುದಿಲ್ಲ. ನೋಡಿದರೆ ಎತ್ತಿಕೊಳ್ಳಬೇಕು ಅನ್ನಿಸುವ ಗಿಟಾರನ್ನು ಜನ ಜಾಸ್ತಿ ನುಡಿಸುತ್ತಾರೆ. ಆದರೆ ಅದು ಕೊನೆಯ ಪ್ರಶ್ನೆ ಆಗಿರಲಿ.

ಬೆಲೆ ಹೆಚ್ಚಿನದನ್ನೂ ಕಡಿಮೆಯದನ್ನೂ ಹೋಲಿಸುವಾಗ ಹೆಚ್ಚುವರಿ ದುಡ್ಡು ಎಲ್ಲಿಗೆ ಹೋಗಿದೆ ನೋಡಿ. ಫ್ರೆಟ್ ಕೆಲಸ, ನಟ್, ನೆಕ್ ಅಂಚು ದುಂಡಗೆ ಮಾಡಿದ್ದು, ಇಲ್ಲಿ ಹೋಗಿದ್ದರೆ ಕೈಗೆ ದಿನವೂ ಸಿಗುತ್ತದೆ. ತಲೆಯ ಮೇಲಿನ ಹೆಸರಿಗೆ, ಮೇಲ್ಪದರದ ಚಿತ್ತಾರದ ಮರಕ್ಕೆ ಹೋಗಿದ್ದರೆ ಮಾರುವಾಗ ಬೆಲೆ ಬರಬಹುದು, ನುಡಿಸುವಾಗ ಏನೂ ಸಿಗುವುದಿಲ್ಲ. ಆಂಪ್‌ಗೆ ದುಡ್ಡು ಉಳಿಸಿಕೊಳ್ಳಿ. ಮಧ್ಯಮ ಗಿಟಾರ್ ಮತ್ತು ಒಳ್ಳೆಯ ಆಂಪ್ ಜೋಡಿ, ದುಬಾರಿ ಗಿಟಾರ್ ಮತ್ತು ಕಳಪೆ ಆಂಪ್ ಜೋಡಿಗಿಂತ ಎಷ್ಟೋ ಮೇಲು.

ಬಳಸಿದ ಗಿಟಾರ್ ಆದರೆ ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿ ಕೆಳಗೆ ಸವೆದ ಗುಳಿ ಎಷ್ಟಿದೆ ನೋಡಿ. ಲೆಸ್ ಪಾಲ್ ಮಾದರಿಗಳಲ್ಲಿ ತಲೆ ಹಿಂದಕ್ಕೆ ವಾಲಿರುತ್ತದೆ, ಬಿದ್ದರೆ ನಟ್ ಹಿಂದೆಯೇ ಮುರಿಯುತ್ತದೆ. ಆ ಜಾಗದಲ್ಲಿ ಪಾಲಿಶ್ ಅಡಿ ಸಣ್ಣ ಗೆರೆ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಟ್ರಸ್ ರಾಡ್ ಇನ್ನೂ ತಿರುಗುತ್ತದಾ ಅಂತ ಅಂಗಡಿಯವರ ಕೈಯಲ್ಲೇ ತಿರುಗಿಸಿ ತೋರಿಸಲು ಹೇಳಿ.

ಒಂದು ಗಂಟೆ ಕಳೆದ ಮೇಲೆ ಕಿವಿ ದಣಿಯುತ್ತದೆ, ಎಲ್ಲವೂ ಒಂದೇ ಅನ್ನಿಸುತ್ತದೆ. ಆಗ ಬಿಲ್ ಮಾಡಿಸಬೇಡಿ, ಇನ್ನೊಂದು ದಿನ ಬನ್ನಿ. ಕೊಳ್ಳುವ ದಿನ "ಒಳಗಿಂದ ಹೊಸ ಡಬ್ಬ ತರ್ತೀವಿ" ಅಂದರೆ ಎರಡು ದಾರಿ ಇದೆ. ನೀವು ನುಡಿಸಿದ್ದನ್ನೇ ಕೇಳಿ, ಇಲ್ಲವೇ ಆ ಡಬ್ಬವನ್ನು ಅಲ್ಲೇ ಬಿಚ್ಚಿಸಿ 132 ಸ್ವರವನ್ನೂ ಮತ್ತೆ ಮೀಟಿ. ಸೆಟಪ್ ಬೆಲೆಯಲ್ಲೇ ಸೇರಿದೆಯಾ, ವಾಪಸ್ ಕೊಡಲು ಎಷ್ಟು ದಿನ ಇದೆ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ. ಟ್ರೆಮೊಲೊ ಬಾರ್ ಮತ್ತು ಟ್ರಸ್ ರಾಡ್‌ನ ಅಲೆನ್ ಕೀ ಚೀಲದಲ್ಲಿ ಇವೆಯಾ ಅಂತ ನೋಡಿಕೊಂಡು ಹೊರಡಿ, ಕಳೆದುಹೋಗುವುದು ಯಾವಾಗಲೂ ಅವೆರಡೇ.